ಗಿರಿಜಾ ವೈನಿಯ ಲೈನು

ಸ್ಕೂಟರಿನ ಹ್ಯಾಂಡಲ್ ಹಿಡಿದು, ಎಂಜಿನ್ ಶುರು ಮಾಡದೆ, ವೈನಿ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಹೀಗೆ ಬರೆದ ಮೇಲೆ ಅನುಮಾನ ಬರುತ್ತದೆ. ಕಣ್ಣು ಮುಚ್ಚುತ್ತಿದ್ದುದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಸ್ಕೂಟರಿನ ಬಣ್ಣ ನನ್ನ ನೆನಪಿನಲ್ಲಿ ನೀಲಿ. ಅಣ್ಣ ಬೂದು ಅನ್ನುತ್ತಾನೆ. ಆದರೆ ತುಟಿ ಅಲ್ಲಾಡುತ್ತಿದ್ದುದು ಮಾತ್ರ ಖಂಡಿತ. ಪುಣೆಯ ಸದಾಶಿವ ಪೇಠದಲ್ಲಿ, ವಠಾರದಂಥ ನಮ್ಮ ವಾಡೆಯ ಬಾಗಿಲಲ್ಲಿ ಕ್ಲಾಸಿಗೆ ಓಡುವ ಮಕ್ಕಳಿಗೂ ತರಕಾರಿ ಗಾಡಿಗೂ ದಾರಿ ಬಿಟ್ಟು ಒಂದು ಪಕ್ಕಕ್ಕೆ ನಿಂತು, ಅವತ್ತು ಹೋಗಬೇಕಾದ ಅಂಗಡಿಗಳ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಮೊದಲನೆಯ ಅಂಗಡಿಯಿಂದ ಅಲ್ಲ, ಕಡೆಯದರಿಂದ. ಕಡೆಯದು, ಅದರ ಹಿಂದಿನದು, ಅದರ ಹಿಂದಿನದು, ಹೀಗೆ ಹಿಂದೆ ಹಿಂದೆ ಬಂದು ನಮ್ಮ ಬಾಗಿಲಿಗೆ ಮುಟ್ಟಿದ ಮೇಲೆ ಸ್ಕೂಟರ್ ಶುರು. ಎದುರು ಮನೆಯ ಅಜ್ಜಿ ಬಹಳ ದಿನ ಅದನ್ನು ಸ್ತೋತ್ರ ಎಂದೇ ತಿಳಿದಿದ್ದಳು.

"ಉಲ್ಟಾ ಯಾಕ ಹೇಳ್ತೀರಿ ವೈನಿ?" ಎಂದು ಒಮ್ಮೆ ಕೇಳಿದೆ.

"ಸಂಜಿಗೆ ಮನಿಗೆ ಬರಬೇಕಾದ್ರ ಕಡೀ ಅಂಗಡಿ ನನ್ನ ಮುಖದ ಮ್ಯಾಲ ಇರ್ತದ ಸುಧಾ. ಅಲ್ಲಿ ಬೈಸ್ಕೊಂಡು ಬಂದ್ರ ನೀವೆಲ್ಲಾ ಅನುಭವಸ್ಬೇಕು. ಅದಕ್ಕ ಕಡೀಕ ಛಲೋ ಮನಷ್ಯಾನ್ನ ಇಟ್ಕೊಂಡು, ಉಳದವ್ರನ್ನ ಅವನ ಹಿಂದ ಹಚ್ಚೂದು."

ಗಿರಿಜಾ ವೈನಿ ನನ್ನ ಅಣ್ಣನ ಹೆಂಡತಿ. ಅಪ್ಪ ಸಿಂದಗಿ ಕಡೆಯಿಂದ ಗುಮಾಸ್ತನಾಗಿ ಪುಣೆಗೆ ಬಂದವರು. ಅಣ್ಣ ಒಂದು ಏಜನ್ಸಿಯಲ್ಲಿ ಸೇಲ್ಸ್‌ಮನ್. ಫಿನೈಲ್, ಬಟ್ಟೆ ಸಾಬೂನು, ಪಾತ್ರೆ ತಿಕ್ಕುವ ಪುಡಿ ಇವುಗಳ ಆರ್ಡರ್ ತೆಗೆದುಕೊಳ್ಳಲು ಅವನಿಗೆ ಒಂದು ಲೈನ್ ಕೊಟ್ಟಿದ್ದರು. ಲೈನ್ ಎಂದರೆ ಇಂತಿಂಥ ಅಂಗಡಿಗಳು, ಇಂತಿಂಥ ದಿನ, ಇಂಥ ದಾರಿ. ಅಣ್ಣನದು ಸದಾಶಿವ ಪೇಠದಿಂದ ಮಾರ್ಕೆಟ್ ಯಾರ್ಡ್‌ವರೆಗೆ. ಕಾಗದದ ಮೇಲೆ ಅದು ಏಜನ್ಸಿಯದು. ಆದರೆ ಆ ಕಸುಬಿನವರು "ನನ್ನ ಲೈನ್" ಎನ್ನುವಾಗ ಊರಿನವರು "ನನ್ನ ಹೊಲ" ಅಂದ ಹಾಗೇ ಕೇಳುತ್ತದೆ.

ಒಂದು ಮಳೆಗಾಲ ಅಣ್ಣ ಸ್ಕೂಟರ್ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಏಜನ್ಸಿಯ ಮಾಲೀಕರನ್ನು ಎಲ್ಲರೂ ಭಾವು ಎನ್ನುತ್ತಿದ್ದರು. ಅವರು ಹಣ್ಣಿನ ಚೀಲ ಹಿಡಿದು ನೋಡಲು ಬಂದರು. ಹಾಸಿಗೆಯ ಪಕ್ಕ ಕೂತು, ಮೆತ್ತಗಿನ ಮಾತಿನಲ್ಲೇ, ಲೈನ್ ಖಾಲಿ ಬಿಟ್ಟರೆ ಬೇರೆ ಏಜನ್ಸಿಯವರು ಹೊಕ್ಕುಬಿಡುತ್ತಾರೆ, ಸದ್ಯಕ್ಕೆ ಇನ್ನೊಬ್ಬರನ್ನು ಹಾಕಬೇಕಾಗುತ್ತದೆ ಎಂದರು. ಸದ್ಯಕ್ಕೆ ಹಾಕಿದವರು ಮತ್ತೆ ಎದ್ದು ಹೋಗುವುದಿಲ್ಲ ಎಂಬುದು ಅಣ್ಣನಿಗೆ ಗೊತ್ತಿತ್ತು. ಗೋಡೆಯ ಕಡೆ ಮುಖ ತಿರುಗಿಸಿದ. ಚಹಾ ತಂದ ವೈನಿ ಕಪ್ಪನ್ನು ಭಾವು ಅವರ ಕೈಗೆ ಕೊಟ್ಟು, ಇವರು ಏಳುವ ತನಕ ಲೈನ್ ನಾನು ನೋಡಿಕೊಳ್ಳುತ್ತೇನೆ ಎಂದು ಮರಾಠಿಯಲ್ಲಿ ಹೇಳಿಬಿಟ್ಟರು.

ಭಾವು ನಕ್ಕರು. ವೈನಿ ನಗಲಿಲ್ಲವೆಂದು ನೋಡಿ ನಗು ನಿಲ್ಲಿಸಿದರು. "ವಹಿನಿ, ಜಮೇಲ ಕಾ?" ಎಂದರು. ಆಗುತ್ತಾ ನಿಮ್ಮ ಕೈಲಿ?

"ಜಮೇಲ," ಎಂದರು ವೈನಿ.

ಭಾವು ಹೋದ ಮೇಲೆ ಅವ್ವ ಅಡುಗೆಮನೆಯಿಂದಲೇ ಶುರು ಮಾಡಿದಳು. "ಸೊಸಿ ಓಣಿ ಓಣಿ ಫಿನೈಲ್ ಮಾರಾಕ ಹೊಂಟಾಳಂತ ಸಿಂದಗಿ ತನಕ ಸುದ್ದಿ ಹೋಗ್ತದ, ನೋಡ್ಕೋ."

"ಹೋಗ್ಲಿ ಬಿಡ್ರಿ ಅತ್ತಿ. ಅಲ್ಲಿಂದನೂ ಆರ್ಡರ್ ಬರ್ಬಹುದು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡದ್ದು ಸಿಟ್ಟಿಗೋ ನಗು ತಡೆಯುವುದಕ್ಕೋ ನನಗೆ ತಿಳಿಯಲಿಲ್ಲ.

ಮೊದಲ ವಾರವೇ ವೈನಿ ಒಂದು ತಪ್ಪು ಮಾಡಿದರು. ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಹೊಸಬಳು ತಾನು, ಕನ್ನಡದವರು ಕೈಬಿಡಲಾರರು ಎಂದುಕೊಂಡು ಲೈನಿನಲ್ಲಿದ್ದ ಕನ್ನಡದವರ ಅಂಗಡಿಗಳನ್ನೆಲ್ಲ ಬೆಳಿಗ್ಗೆಗೆ ಇಟ್ಟುಕೊಂಡರು. ಕಿರಾಣಿ ಅಂಗಡಿಯ ಮಲ್ಲಪ್ಪನವರು "ಯಾವೂರ್ರಿ ತಂಗಿ?" ಎಂದರು. ಸಿಂದಗಿ ಎಂದದ್ದೇ ತಡ, ಸ್ಟೂಲು ಬಂತು. "ಸಿಂದಗ್ಯಾಗ ಯಾರ ಪೈಕಿ?" ಎನ್ನುವಷ್ಟರಲ್ಲಿ ಒಳಗಿಂದ ಅವರ ಹೆಂಡತಿ ಬಂದರು, ಅವಲಕ್ಕಿ ಬಂತು, ಚಹಾ ಬಂತು. ವೈನಿ ಎರಡು ಸಲ ಚೀಲದಿಂದ ಫಿನೈಲ್ ಬಾಟಲಿ ಹೊರಗೆ ತೆಗೆದರು. "ಇಡ್ರಿ, ಅದೇನ್ ಓಡಿ ಹೋಗ್ತದ?" ಎಂದು ಮಲ್ಲಪ್ಪನವರು ಎರಡು ಸಲವೂ ಒಳಗೆ ಇಡಿಸಿದರು. ಅಲ್ಲಿಂದ ಬಿಡಿಸಿಕೊಂಡು ಮುಂದಿನ ಕನ್ನಡದವರ ಅಂಗಡಿಗೆ ಹೋದರೆ ಅಲ್ಲೂ ಅದೇ ಸ್ಟೂಲು, ಅದೇ ಪ್ರಶ್ನೆ. ಅದು ಮುಗಿಯುವುದರೊಳಗೆ ಮಧ್ಯಾಹ್ನ. ಪೇಠದ ಶಟರುಗಳು ಒಂದೊಂದಾಗಿ ಕೆಳಗಿಳಿದವು. ಊಟ, ನಿದ್ದೆ ಮುಗಿದು ಅವು ಮೇಲೇಳುವ ತನಕ ಅಲ್ಲಿ ಸೇಲ್ಸ್‌ಮನ್‌ಗೆ ಕೆಲಸವಿಲ್ಲ. ವೈನಿ ಯಾರದೋ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರಂತೆ.

ಸಂಜೆ ಅಣ್ಣ ಮಲಗಿದಲ್ಲಿಂದಲೇ ಕೇಳಿದ. "ಹೆಂಗಾತು?"

"ಸುಧಾಗ ಎರಡು ವರ ಸಿಕ್ಕಾವ್ರಿ. ನನಗ ಒಂದು ಆರ್ಡರ್ ಸಿಕ್ಕಿಲ್ಲ."

ಬಿದ್ದ ಮೇಲೆ ಅಣ್ಣ ಮೊದಲ ಸಲ ನಕ್ಕದ್ದು ಆಗ. ಆಮೇಲೆ ತನ್ನ ಗುಟ್ಟು ಹೇಳಿದ. ಅಂಗಡಿಯಲ್ಲಿ ಅವನು ಯಾವತ್ತೂ ಕನ್ನಡ ಮಾತಾಡಿದವನಲ್ಲ. ಮಲ್ಲಪ್ಪನವರ ಹತ್ತಿರವೂ ಮರಾಠಿಯೇ. "ಕನ್ನಡ ಬಾಯಿ ಬಿಟ್ಟಿ ಅಂದ್ರ ದಿನಾ ಹೋತು ಅಂತ ತಿಳ್ಕೋ."

"ನನ್ನ ಕೈಲಿ ಆಗೂದಿಲ್ರಿ," ಎಂದರು ವೈನಿ. "ನಮ್ಮವ್ರ ಮುಂದ ಮರಾಠಿ ಗಂಟಲಾಗ ಸಿಕ್ಕೋತದ."

ಅವರು ಭಾಷೆ ಬದಲಿಸಲಿಲ್ಲ, ಹೊತ್ತು ಬದಲಿಸಿದರು. ಮರುವಾರ ಕನ್ನಡದವರ ಅಂಗಡಿಗಳೆಲ್ಲ ಮಧ್ಯಾಹ್ನ ಶಟರ್ ಎಳೆಯುವುದಕ್ಕೆ ಸ್ವಲ್ಪ ಮೊದಲಿನ ಹೊತ್ತಿಗೆ ಸರಿದವು, ದಿನಕ್ಕೆ ಒಂದೋ ಎರಡೋ. ಮಾತು ಬೇಕಾದಷ್ಟು ಆಗಲಿ, ಒಳಗಿಂದ ಊಟಕ್ಕೆ ಕರೆ ಬಂದೇ ಬರುತ್ತದೆ. ಆಗ ಮಲ್ಲಪ್ಪನವರಿಗೆ ಅವಸರ. ಒಂದು ಕೈ ಶಟರಿನ ಮೇಲಿಟ್ಟುಕೊಂಡೇ "ಒಂದು ಪೆಟ್ಟಿಗಿ ಕಳಸ್ರಿ, ಸಾಬೂನೂ ಹಾಕ್ರಿ" ಎನ್ನುತ್ತಿದ್ದರು. "ನಾ ನಡಬರಕ ಎದ್ದು ಬಂದ್ರ ಬ್ಯಾಸರ ಮಾಡ್ಕೋತಾರ ಸುಧಾ. ಶಟರ್ ಎಳದದ್ದಕ್ಕ ಯಾರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ."

ನಾನು ಆಗ ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೆ. ಉತ್ಸಾಹದಿಂದ ಅಂಗಡಿಗಳನ್ನೆಲ್ಲ ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ಎಲ್ಲಕ್ಕಿಂತ ಹತ್ತಿರದ ದಾರಿ ಕೂಡಿಸಿ ತೋರಿಸಿದೆ. ವೈನಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಎರಡು ಓಣಿಗಳು ಹಿಂದಿನಿಂದ ಕೂಡುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಖುಷಿಪಟ್ಟರು. ಆದರೆ ನಕ್ಷೆಯ ಪ್ರಕಾರ ಬೆಳಿಗ್ಗೆ ಮೊದಲು ಹೋಗಬೇಕಾದ ಅಂಗಡಿಯ ಮೇಲೆ ಬೆರಳಿಟ್ಟು, "ಇವ್ರ ಬೋಣಿ ಆಗೂಕಿಂತ ಮೊದ್ಲ ಹೋದ್ರ ನಮ್ಮನ್ನ ಒಳಗ ಕರಿಯೂದಿಲ್ಲ" ಎಂದರು. ಅಲ್ಲಿಗೆ ನಮ್ಮಿಬ್ಬರ ಒಪ್ಪಂದವಾಯಿತು. ದಾರಿ ಫೋನಿನದು, ಸರತಿ ಅವರದು.

ಮಾರ್ಕೆಟ್ ಯಾರ್ಡ್‌ಗೆ ಒಂದೇ ಒಂದು ಸಲ ನಾನು ಅವರ ಜೊತೆ ಹೋಗಿದ್ದೆ. ಅಲ್ಲಿ ನಡೆದದ್ದನ್ನು ವೈನಿ ಆಮೇಲೆ ಎಷ್ಟು ಸಲ ಹೇಳಿದರೆಂದರೆ, ಈಗ ನಾನು ಕಂಡದ್ದೆಷ್ಟು ಕೇಳಿದ್ದೆಷ್ಟು ಎಂದು ಬೇರೆ ಮಾಡುವುದು ಕಷ್ಟ. ಬೆಳಗಿನ ಗದ್ದಲ ಇಳಿದಿತ್ತು. ಹಮಾಲರು ಖಾಲಿ ಕೈಗಾಡಿಗಳ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಕಲಬುರ್ಗಿ ಕಡೆಯ ಹೋಲ್‌ಸೇಲ್ ವ್ಯಾಪಾರಿಯೊಬ್ಬರು ಗಾದಿಯ ಮೇಲಿಂದ ಏಳದೆಯೇ, "ಯಜಮಾನ್ರ ಕಾಲು ಆರಾಮ ಆಗ್ಲಿ ತಾಯಿ. ಅವ್ರನ್ನ ಕಳಸ್ರಿ, ಆರ್ಡರ್ ಕೊಡ್ತೀನಿ" ಎಂದರು.

ವೈನಿ ಬಾಟಲಿಯ ಬಿರಡೆ ತೆಗೆದು ಅವರ ಮೂಗಿನ ಹತ್ತಿರ ಹಿಡಿದರು. "ಯಜಮಾನ್ರು ಬಂದ್ರೂ ಇದೇ ವಾಸನಿ ಇರ್ತದ್ರಿ."

ಹಮಾಲರೊಳಗೆ ಯಾರೋ ಕಿಸಕ್ಕೆಂದರು. ವ್ಯಾಪಾರಿಯೂ ನಗಲೇಬೇಕಾಯಿತು. ಅವತ್ತು ಅವರು ಕೊಟ್ಟದ್ದು ಒಂದು ಸಣ್ಣ ಆರ್ಡರ್. ಹೊರಗೆ ಬಂದ ಮೇಲೆ ವೈನಿ ಬಾಟಲಿಗೆ ಬಿರಡೆ ಹಾಕಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದರು. ಇದು ಅವರು ಹೇಳಿದ್ದಲ್ಲ, ಅವರ ಕಥೆಯಲ್ಲಿ ಬಿರಡೆ ಬೀಳುವುದೇ ಇಲ್ಲ. ಹಾಗಾಗಿ ಇದನ್ನು ನಾನು ಕಣ್ಣಾರೆ ಕಂಡದ್ದೇ ಇರಬೇಕು.

ತಿಂಗಳುಗಳು ಕಳೆದವು. ಲೈನ್ ಉಳಿಯಿತು, ಬೆಳೆಯಿತು ಕೂಡ. ಅಣ್ಣ ಎಂದೂ ಕಾಲಿಡದ ಓಣಿಗಳ ಅಂಗಡಿಗಳು ಸೇರಿಕೊಂಡವು. ಅಂಗಡಿಯವರು ಅದನ್ನು "ವಹಿನೀಂಚಿ ಲೈನ್", ವೈನಿಯ ಲೈನ್, ಅನ್ನತೊಡಗಿದರು. ವೈನಿಯ ನಡಿಗೆ ಬದಲಾಯಿತು, ಮಾತು ಗಟ್ಟಿಯಾಯಿತು. "ನಿನ್ನ ಸೀರಿಗೆ ದವಾಖಾನಿ ವಾಸನಿ" ಎಂದು ಮೂಗು ಮುಚ್ಚುತ್ತಿದ್ದ ಅವ್ವನೇ ನೆಂಟರ ಮುಂದೆ "ನಮ್ಮ ಗಿರಿಜಾ ಯಾರ್ಡಿನ್ಯಾಗ ವ್ಯಾಪಾರಿಗಳನ್ನ ಎಬ್ಬಿಸಿ ನಿಲ್ಲಸ್ತಾಳ" ಎಂದು ಹೇಳುವುದನ್ನು ಕೇಳಿ ನನಗೂ ಎದೆ ಉಬ್ಬುತ್ತಿತ್ತು. ಅದೇ ಹೊತ್ತಿಗೆ ವಾಡೆಯ ಅಂಗಳದಲ್ಲಿ ಅಣ್ಣ ಕೋಲು ಹಿಡಿದು ಅತ್ತಿಂದಿತ್ತ ನಡೆಯತೊಡಗಿದ್ದ. ಆಮೇಲೆ ಕೋಲು ಬಿಟ್ಟ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ವೈನಿಗೆ ತನ್ನದು ಎಂದು ಹೇಳಿಕೊಳ್ಳಲು ಸಿಕ್ಕದ್ದೂ ಅದೊಂದೇ. ಇನ್ನು ಲೈನ್ ಯಾರದು ಎಂಬ ಮಾತು ಎಲ್ಲರ ತಲೆಯಲ್ಲಿತ್ತು, ಯಾರ ಬಾಯಲ್ಲೂ ಬರಲಿಲ್ಲ.

ಕಡೆಗೆ ಒಂದು ಭಾನುವಾರ ಮಧ್ಯಾಹ್ನ ಭಾವು ಊಟಕ್ಕೆ ಬಂದರು, ಅದನ್ನೇ ತೀರ್ಮಾನಿಸಲು. ನಾನು ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದೆ. ಆ ದಿನದ ನನ್ನ ಡೈರಿಯಲ್ಲಿರುವುದು ಎರಡೇ ಮಾತು: ಜ್ವರ, ಗಂಜಿ. ದಿನವೂ ಬರೆಯುವ ನಾನು ಬರೆಯಲೇಬೇಕಾದದ್ದನ್ನು ಬರೆದಿಲ್ಲ. ಗೋಡೆಯಾಚೆ ತಾಟುಗಳ ಸದ್ದು, ಭಾವು ಅವರ ನಗು ನೆನಪಿದೆ. ಅಣ್ಣನ ದನಿ ಮೊದಲು ಬಂತೋ ವೈನಿಯದು ಮೊದಲು ಬಂತೋ ನೆನಪಿಲ್ಲ. ಎಷ್ಟೋ ಸಲ ಕಣ್ಣು ಮುಚ್ಚಿ ಆ ಗೋಡೆಗೆ ಕಿವಿ ಇಟ್ಟಿದ್ದೇನೆ. ಕೆಲವು ದಿನ ಅಣ್ಣ ಮೊದಲು ಮಾತಾಡುತ್ತಾನೆ, ಕೆಲವು ದಿನ ವೈನಿ.

ಮರುದಿನ ಬೆಳಿಗ್ಗೆ ಎದ್ದು ಬಂದಾಗ ಕಂಡದ್ದರಲ್ಲಿ ಮಾತ್ರ ಅನುಮಾನವಿಲ್ಲ. ಮೆಟ್ಟಿಲ ಮೇಲೆ ವೈನಿ ಅಣ್ಣನನ್ನು ಕೂರಿಸಿಕೊಂಡು ಲೈನ್ ಒಪ್ಪಿಸುತ್ತಿದ್ದರು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮುಂದೆ ಮಗನ ಸುದ್ದಿ ತೆಗೆಯಬಾರದು, ಯಾರ ಅಂಗಡಿಗೆ ತಮ್ಮ ಕೂತಿದ್ದಾಗ ಹೋಗಬೇಕು, ಹಿರಿಯವನು ಕೂತಿದ್ದಾಗ ಹೋಗಬಾರದು. ಅಣ್ಣ ತಪ್ಪಿದಾಗಲೆಲ್ಲ "ಅಲ್ರಿ, ಮತ್ತೊಮ್ಮೆ ಹೇಳ್ರಿ" ಎಂದು ತಿದ್ದುತ್ತಿದ್ದರು. ದನಿಯಲ್ಲಿ ಎಲ್ಲೂ ಬಿರುಕಿರಲಿಲ್ಲ.

ವೈನಿ ಪುಣೆಯ ಅಂಚಿನ ವಾಕಡ ತೆಗೆದುಕೊಂಡರು. ಏಜನ್ಸಿಯಲ್ಲಿ ಅದು ಯಾರಿಗೂ ಬೇಡವಾದ ಲೈನ್. ಎತ್ತರದ ಕಟ್ಟಡಗಳು, ಅರ್ಧ ಆದ ರಸ್ತೆಗಳು, ಬೋರ್ಡು ಕೂಡ ಹಾಕದ ಹೊಸ ಅಂಗಡಿಗಳು. ಅಲ್ಲಿ ಮಧ್ಯಾಹ್ನ ಯಾರೂ ಶಟರ್ ಎಳೆಯುವುದಿಲ್ಲ, ಯಾವೂರು ಎಂದು ಯಾರೂ ಕೇಳುವುದಿಲ್ಲ. ಪೇಠದಲ್ಲಿ ಕಲಿತದ್ದೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಮೊದಲ ದಿನಗಳಲ್ಲಿ ಸುಸ್ತಾಗಿ ಬಂದು, "ಚಹಾ ಕುಡೀರಿ ಅನ್ನೂದಿಲ್ಲ, ಹೋಗ್ರಿ ಅಂತನೂ ಅನ್ನೂದಿಲ್ಲ, ಫೋನ್ ನೋಡ್ಕೊಂತ ಕೂಡ್ತಾರ" ಎನ್ನುತ್ತಿದ್ದರು. ಆಮೇಲೆ ಅಂಗಡಿ ಬಿಟ್ಟು ಆ ಕಟ್ಟಡಗಳಲ್ಲಿ ನೆಲ ಒರೆಸುವ ಹೆಂಗಸರನ್ನು ಮಾತಾಡಿಸತೊಡಗಿದರು. ಅವರಲ್ಲಿ ಬಹಳ ಮಂದಿ ಯಾದಗಿರಿ, ಕಲಬುರ್ಗಿ ಕಡೆಯವರು. ಸಂಜೆ ಕೆಲಸ ಬಿಟ್ಟು ಗೇಟಿನ ಹೊರಗೆ ಬರುವ ಹೊತ್ತಿಗೆ ವೈನಿ ಅಲ್ಲಿರುತ್ತಿದ್ದರು. ಯಾವ ಫಿನೈಲ್ ಕೈ ಸುಡುತ್ತದೆ, ಯಾವುದು ಸುಡುವುದಿಲ್ಲ ಎಂದು ಆ ಹೆಂಗಸರು ಮನೆಯೊಡತಿಯರಿಗೆ ಹೇಳಿದರು, ಒಡತಿಯರು ಅಂಗಡಿಯವರನ್ನು ಕೇಳಿದರು. ಆಮೇಲೆ ಅಂಗಡಿಯವರು ಫೋನಿನಿಂದ ತಲೆ ಎತ್ತಿದರು. ಕೆಲವು ವರ್ಷಗಳಲ್ಲಿ ವಾಕಡ ಏಜನ್ಸಿಯ ದೊಡ್ಡ ಲೈನ್ ಆಯಿತು. ಹೊಸದಾಗಿ ಸೇರಿದವರನ್ನು ಭಾವು ಮೊದಲು ವೈನಿಯ ಜೊತೆ ಕಳಿಸುತ್ತಿದ್ದರು. ಮೂರು ಜನ ಹೆಂಗಸರು ಈಗ ಪುಣೆಯಲ್ಲಿ ಸ್ವಂತ ಲೈನ್ ನಡೆಸುತ್ತಾರೆ. ಮೂವರೂ ವೈನಿಯ ಕೈಯಲ್ಲಿ ಪಳಗಿದವರು.

ಹೋದ ವರ್ಷ, ಸಣ್ಣದೆಂದುಕೊಂಡ ಕಾಯಿಲೆಯಲ್ಲಿ, ವೈನಿ ಹೋಗಿಬಿಟ್ಟರು. ದವಾಖಾನೆಯಲ್ಲಿ ಕಡೆಯ ಸಲ ನೋಡಿದಾಗ ನೆಲ ಒರೆಸಲು ಬಂದವಳನ್ನು ಅವರು ಸನ್ನೆ ಮಾಡಿ ಹತ್ತಿರ ಕರೆದು, ಬಕೀಟಿಗೆ ಏನು ಹಾಕಿದ್ದೀ ಎಂದು ವಿಚಾರಿಸುತ್ತಿದ್ದರು. ಅದು ಬೇರೆ ಕಂಪನಿಯ ಮಾಲು. ನನ್ನ ಕಡೆ ನೋಡಿ ಮುಖ ಸೊಟ್ಟ ಮಾಡಿದರು. ಆ ಭಾನುವಾರದ ಬಗ್ಗೆ ಕೇಳಬೇಕೆಂದಿದ್ದನ್ನು ಅವತ್ತೂ ನಾನು ಕೇಳಲಿಲ್ಲ. ನಾಳೆ ಮತ್ತೆ ಬರುತ್ತೇನಲ್ಲ ಎಂದುಕೊಂಡೆ.

ಎಲ್ಲರಿಗೂ ನಾನು ಹೆಮ್ಮೆಯಿಂದ ಹೇಳುವ ಕಥೆ ಇದು: ಕಷ್ಟಪಟ್ಟು ಕಟ್ಟಿದ ಲೈನನ್ನು ಗಂಡನ ಕೈಗಿಟ್ಟು, ತಾನು ಇನ್ನೊಂದು ಕಟ್ಟಿಕೊಂಡವಳು ನಮ್ಮ ವೈನಿ. ಹೇಳುವಾಗಲೆಲ್ಲ "ಕೈಗಿಟ್ಟು" ಎಂಬಲ್ಲಿ ನಾಲಿಗೆ ತಡೆಯುತ್ತದೆ. ಅವರಾಗಿ ಕೊಟ್ಟಿದ್ದರೆ ನನ್ನ ಹೆಮ್ಮೆಗೆ ಒಂದು ಬಣ್ಣ. ಅಣ್ಣ ಕೇಳಿದ್ದಕ್ಕೆ ಕೊಟ್ಟಿದ್ದರೆ, ಕೊಟ್ಟ ಮೇಲೂ ಮರುದಿನ ಮೆಟ್ಟಿಲ ಮೇಲೆ ಕೂತು ಆ ದನಿಯಲ್ಲಿ ಕಲಿಸಿದ್ದರೆ, ಅದು ಇನ್ನೂ ದೊಡ್ಡ ಹೆಮ್ಮೆ. ಆದರೆ ಆಗ ಅದರಲ್ಲಿ ನಮ್ಮ ಮನೆಯವರಿಗೆ ಪಾಲಿಲ್ಲ.

ಹೋದ ತಿಂಗಳು ಅಣ್ಣನ ಮನೆಗೆ ಹೋಗಿದ್ದೆ. ಅವನು ಲೈನಿಗೆ ಹೊರಟಿದ್ದ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಕೇಳಿಬಿಟ್ಟೆ.

"ಅಣ್ಣಾ, ಆವತ್ತು ಭಾವು ಊಟಕ್ಕ ಬಂದಾಗ, ಲೈನ್ ವಾಪಸ್ ಕೊಡು ಅಂತ ನೀ ಕೇಳಿದ್ಯೋ, ವೈನಿ ತಾವ ಕೊಟ್ರೋ?"

ಅವನ ಕೈ ಗುಂಡಿಯ ಮೇಲೆ ನಿಂತಿತು. ನನ್ನ ಮುಖ ನೋಡಿದ. "ಚಹಾ ಕುಡದು ಹೋಗು ಸುಧಾ," ಎಂದು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅವ್ವನ ಮಂಡಿನೋವು, ಮಳೆ, ಸಿಲಿಂಡರು ಎಲ್ಲದರ ಬಗ್ಗೆಯೂ ಮಾತಾಡಿದ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.