ಒಂಟಿ ಅಲೆಯ ಲೆಕ್ಕ

ಪಿಎಚ್.ಡಿ. ಮುಗಿಸಿದ ಮೇಲೆ ಎರಡು ಕಡೆ ತಾತ್ಕಾಲಿಕ ಸಂಶೋಧಕಿಯಾಗಿ ಕೆಲಸ ಮಾಡಿದೆ. ಮೂರನೆಯದು ಸಿಗಲಿಲ್ಲ. ಸಿಂಧನೂರಿನ ಅಕ್ಕನ ಮನೆಗೆ ಬಂದು, ಲಿಂಗಸುಗೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡೆ.

ಸೂರ್ಯನಿಂದ ಸದಾ ಹೊರಕ್ಕೆ ಬೀಸುವ ವಿದ್ಯುತ್ ಕಣಗಳ ಗಾಳಿ ನನ್ನ ವಿಷಯ. ಆ ಗಾಳಿಯಲ್ಲಿ ಕೆಲವು ಅಲೆಗಳು ಒಂಟಿಯಾಗಿ, ಆಕಾರ ಕೆಡದೆ ಬಹುದೂರ ಸಾಗುತ್ತವೆ. ಅವು ಯಾವಾಗ ಉಳಿಯುತ್ತವೆ, ಯಾವಾಗ ಒಡೆಯುತ್ತವೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಹೇಳಬೇಕು. ಈ ಲೆಕ್ಕವನ್ನು ನಾನೊಬ್ಬಳೇ ಶುರುಮಾಡಿದ್ದಲ್ಲ. ಪಿಎಚ್.ಡಿ. ಕಾಲದಲ್ಲಿ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದ ಮಸ್ಕಿಯ ಗೆಳತಿ ಜೊತೆಗಿದ್ದಳು. ನನಗಿಂತ ಚುರುಕು. ನಾನು ನಾಲ್ಕು ಪುಟ ಸುತ್ತಿ ತಲುಪುವಲ್ಲಿಗೆ ಅವಳು ಒಂದೇ ಸಾಲಿನಲ್ಲಿ ಮುಟ್ಟುತ್ತಿದ್ದಳು. ಆದರೆ ಸಂಶೋಧನೆಯಲ್ಲಿ ಕಾಯಂ ಕೆಲಸದ ದಾರಿ ಕಾಣದೆ ಬ್ಯಾಂಕ್ ಪರೀಕ್ಷೆ ಬರೆದು, ತನ್ನೂರಿನ ಶಾಖೆಗೇ ಬಂದುಬಿಟ್ಟಳು.

ನಾನು ಆ ಲೆಕ್ಕವನ್ನು ಬಿಡಲಿಲ್ಲ. ಕಾಲೇಜಿಂದ ಬಂದು ಊಟದ ಮೇಜಿನ ಮೂಲೆಯಲ್ಲಿ ಕೂತು ಮುಂದುವರಿಸಿದೆ. ಒಂದು ಕಡೆ ಸಿಕ್ಕಿಕೊಂಡೆ. ಅವಳು ಸಮೀಕರಣದಿಂದ ಒಂದು ಪದವನ್ನು ಸಣ್ಣದೆಂದು ಕೈಬಿಟ್ಟಿದ್ದಳು. ಅದು ಸಣ್ಣದು ಹೇಗೆಂದು ಬರೆದಿರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ನೋಡೋಣ ಅನ್ನುತ್ತಿದ್ದಳು. ಕೊನೆಗೊಂದು ಶನಿವಾರ ಕಾಲೇಜಿಂದ ಮರಳುವಾಗ ಅವಳು ಬರೆದ ಹಾಳೆಗಳ ಸಮೇತ ಮಸ್ಕಿಯಲ್ಲಿ ಇಳಿದೆ.

ಅವಳ ತಾಯಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಂದಿಟ್ಟು, ಇನ್ನೂ ಓದು ಮುಗಿದಿಲ್ಲವೇ ಎಂದು ನನ್ನನ್ನು ವಿಚಾರಿಸಿದರು. ಗೆಳತಿ ಕಿಟಕಿಯ ಹತ್ತಿರ ಕೂತು ಓದಿದಳು. ಸಾಲಿನ ಕೆಳಗೆ ಬೆರಳಿಟ್ಟು ಮುಂದೆ ಹೋಗುವಳು, ಮತ್ತೆ ಮೊದಲಿಗೆ ಬರುವಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಅಕ್ಷರ ನಂದ ಐತಿ," ಎಂದಳು. "ಆದ್ರ ಇಲ್ಲಿ ಏನ್ ಮಾಡೀನಂತ ನನಗ ತಿಳಿವಲ್ದು."

ನಾಲ್ಕು ದಿನ ಇಟ್ಟುಕೊಂಡು ನಿಧಾನ ನೋಡು ಎಂದೆ.

"ಬ್ಯಾಡ ಬೇ. ಇಟಗೊಂಡ್ರ ದಿನಾ ನೋಡ್ಬೇಕಾಕೈತಿ. ಪ್ರಬಂಧದಾಗಿನ ನನ್ನ ಹೆಸರೂ ತಗದುಬಿಡು."

ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸಿ ನನ್ನ ಕೈಗೆ ಕೊಟ್ಟಳು. ನನಗೆ ಸಿಟ್ಟು ಬಂದಿತ್ತು. ಬಸ್ಸು ಹತ್ತಿದ ಮೇಲೆ ಅದು ಹೆದರಿಕೆಯಾಯಿತು. ನನಗೂ ಹೀಗಾಗಲು ಎಷ್ಟು ಕಾಲ ಬೇಕು?

ಮಳೆಗಾಲವಿಡೀ ಕೂತು ಆ ಪದವನ್ನು ಬಿಟ್ಟದ್ದಕ್ಕೆ ನಾನೇ ಒಂದು ಸಮರ್ಥನೆ ಕಂಡುಕೊಂಡೆ. ಅವಳ ಹೆಸರನ್ನೂ ಉಳಿಸಿ ಪ್ರಬಂಧವನ್ನು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದೆ. ಅದು ತಿರುಗಿ ಬಂತು. ಆ ಪದವನ್ನು ಬಿಡುವಂತಿಲ್ಲ, ಸೇರಿಸಿಕೊಂಡರೆ ಅಲೆ ಉಳಿಯುವುದೇ ಇಲ್ಲ ಎಂದು ವಿಮರ್ಶಕರು ಬರೆದಿದ್ದರು. ಸೇರಿಸಿ ನೋಡಿದೆ. ಅವರು ಹೇಳಿದ್ದು ನಿಜ. ನಾವಿಬ್ಬರೂ ವರ್ಷಗಟ್ಟಲೆ ಬೆನ್ನುಹತ್ತಿದ ಅಲೆ ಎಲ್ಲಿಯೂ ಇರಲಿಲ್ಲ.

ಫೋನ್ ಮಾಡಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ನೀ ಮುಂದೇನ್ ಮಾಡ್ತಿ?"

ಸೋಮವಾರ ಎರಡನೇ ವರ್ಷದವರಿಗೆ ಮಸೂರದ ಪಾಠ ಇದೆ ಎಂದೆ. ಅವಳು ಹ್ಞೂಂ ಅಂದಳು. ಹೊಸ ಸಂಶೋಧನಾ ಹುದ್ದೆಗಳ ಪ್ರಕಟಣೆಗಳು ಈಗಲೂ ಬರುತ್ತವೆ. ಪಿಎಚ್.ಡಿ. ಆಗಿ ಬಹಳ ವರ್ಷವಾದವರು ಬೇಡ ಎಂದು ಹೆಚ್ಚಿನವುಗಳಲ್ಲಿ ಇರುತ್ತದೆ. ಇತ್ತೀಚೆಗೆ ಅವುಗಳನ್ನು ತೆರೆದು ನೋಡುವುದನ್ನೂ ಬಿಟ್ಟಿದ್ದೇನೆ.