ಓದದ ಕಾದಂಬರಿಗೆ ನಾನು ಬರೆದ ಕಾರ್ಡ್

ಈ ಪೋಸ್ಟಿನ ಮೊದಲ ಡ್ರಾಫ್ಟಿನಲ್ಲಿ ಒಂದು ವಿಷಯವನ್ನು ಬಿಟ್ಟುಬಿಟ್ಟಿದ್ದೆ. ಇಷ್ಟು ವರ್ಷ ಈ ಬ್ಲಾಗಿನಲ್ಲಿ ಕನ್ನಡದಲ್ಲಿ ಬರೆಯುತ್ತಾ ಬಂದಿದ್ದರೂ ನಾನು ಒಂದು ಕನ್ನಡ ಕಾದಂಬರಿಯನ್ನೂ ಕೊನೆಯ ಪುಟದವರೆಗೆ ಓದಿರಲಿಲ್ಲ.

ಅದನ್ನು ಹೇಳದೆ ಉಳಿದದ್ದು ಅರ್ಥವಾಗುವುದಿಲ್ಲ. ಹಾಗಾಗಿ ಮತ್ತೆ ಸೇರಿಸಿದ್ದೇನೆ.

ನಾನೀಗಿರುವ ವಿದೇಶದ ಊರು ಓಕ್‌ವಿಲ್‌ನಲ್ಲಿ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಪುಟ್ಟ ಪುಸ್ತಕದಂಗಡಿ ಇದೆ. ನಡೆಸುವವಳು ಮಾರ್ಗೋ. ಹೊಸ ಪುಸ್ತಕ ಬಂದರೆ ಅದರ ಕೆಳಗೆ ಶೆಲ್ಫಿನ ಅಂಚಿಗೆ ಒಂದು ಕಾರ್ಡ್ ಅಂಟಿಸುತ್ತಾಳೆ... ಏಕೆ ಓದಬೇಕು ಎಂದು ಕೈಬರಹದಲ್ಲಿ ನಾಲ್ಕು ಸಾಲು, ಕೆಳಗೆ ಬರೆದವರ ಹೆಸರು.

ಗಿರಾಕಿಗಳೂ ಬರೆಯಬಹುದು. ನಿಯಮ ಒಂದೇ: ಕೊನೆಯ ಪುಟ ಮುಗಿಸಿರಬೇಕು.

ಸೆಪ್ಟೆಂಬರಿನಲ್ಲಿ ಒಂದು ಕನ್ನಡ ಕಾದಂಬರಿಯ ಇಂಗ್ಲಿಷ್ ಅನುವಾದ ಬಂತು. ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬಳ ಕಥೆ. ಮಾರ್ಗೋಗೆ ಗೊತ್ತಿರುವ ಕನ್ನಡದವಳು ನಾನೊಬ್ಬಳೇ. ಇದನ್ನು ನೀನು ಮೂಲದಲ್ಲೇ ಓದಿರಬೇಕಲ್ಲ ಎಂದು ಕೇಳಿದಳು.

ನಾನು ಹೌದೆಂದು ತಲೆಯಾಡಿಸಿದೆ. ಹಾಗಾದರೆ ಕಾರ್ಡ್ ನೀನೇ ಬರೆ ಎಂದಳು.

ಇಂಗ್ಲಿಷ್ ಮೀಡಿಯಂ ಓದು, ದಿನಕ್ಕೊಂದು ಪೀರಿಯಡ್ ಕನ್ನಡ ಎಂದು ಹೇಳಬಹುದಿತ್ತು. ಆದರೆ ಇಡೀ ಅಂಗಡಿಯಲ್ಲಿ ನನ್ನ ಭಾಷೆಯ ಒಂದೇ ಒಂದು ಪುಸ್ತಕ, ಅದನ್ನೂ ಓದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಅಲ್ಲೇ ನಿಂತು ಅನುವಾದದ ಮೊದಲ ಮೂವತ್ತು ಪುಟ ಓದಿದೆ. ಕಾರ್ಡ್ ಬರೆದೆ. ಅಷ್ಟಕ್ಕೇ ಬಿಡಲಿಲ್ಲ. "ಕನ್ನಡದಲ್ಲಿ ಇದರ ಕೊನೆಯ ಅಧ್ಯಾಯ ಓದಿ ಅತ್ತಿದ್ದೆ" ಎಂಬ ಸಾಲನ್ನೂ ಸೇರಿಸಿದೆ.

ಕೊನೆಯ ಅಧ್ಯಾಯ ಅಂದಮೇಲೆ ಅಳು ಇದ್ದೇ ಇರುತ್ತದೆ ಅಂದುಕೊಂಡಿದ್ದೆ.

ಕಾರ್ಡ್ ಕೆಲಸ ಮಾಡಿತು. ಪುಸ್ತಕದ ಗುಡ್ಡೆ ವಾರದಿಂದ ವಾರಕ್ಕೆ ಕರಗುತ್ತಿತ್ತು. ಮಾರ್ಗೋ ಖುಷಿಯಿಂದ ತೋರಿಸಿದಾಗಲೆಲ್ಲ ನಾನು ಅಡುಗೆ ಪುಸ್ತಕಗಳ ಕಡೆ ಸರಿಯುತ್ತಿದ್ದೆ.

ಅಕ್ಟೋಬರಿನ ಒಂದು ಶನಿವಾರ ಅಂಗಡಿಗೆ ಹೋದರೆ ಕೌಂಟರಿನ ಹತ್ತಿರ ಒಬ್ಬ ಹೆಂಗಸು ಕುಳಿತಿದ್ದಾರೆ. ಅರವತ್ತರ ಆಸುಪಾಸು, ಸೀರೆಯ ಮೇಲೆ ದಪ್ಪ ಜಾಕೆಟ್. ನಿನ್ನನ್ನು ನೋಡಲೆಂದೇ ವುಡ್‌ಬ್ರಿಡ್ಜ್‌ನಿಂದ ಬಂದಿದ್ದಾರೆ ಎಂದಳು ಮಾರ್ಗೋ. ಹೆಸರು ಶಾಂತಕ್ಕ, ಧಾರವಾಡದವರು. ಯಾರೋ ಅವರ ಮಗಳಿಗೆ ಕಾರ್ಡಿನ ಫೋಟೋ ಕಳಿಸಿದ್ದರಂತೆ.

"ನೀವ ಏನ್ರಿ ಆ ಚೀಟಿ ಬರದವರು?"

ಹೌದು ಎಂದೆ.

"ಕಡೀ ಅಧ್ಯಾಯ ಓದಿ ಅತ್ತೆ ಅಂತ ಬರದೀರಲ್ಲ, ಯಾಕ ಅತ್ರಿ?"

"ಅದು... ಅಮ್ಮನ ನೆನಪಾಯ್ತು."

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಶಾಂತಕ್ಕ ನನ್ನನ್ನು ಒಂದು ಕ್ಷಣ ನೋಡಿದರು. "ಅಲ್ರೀ, ಕಡೀ ಅಧ್ಯಾಯದಾಗ ಬೀಗರು ಬರ್ತಾರ. ಗಿರಣಿ ಬೆಲ್ಟ್ ಹರೀತದ, ಎಲ್ಲಾರ ಮೈಮ್ಯಾಲೂ ಹಿಟ್ಟು. ಬೀಗರ ಮೀಸಿ ಸೈತ ಕಾಣಂಗಿಲ್ಲ. ನಾ ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡಿದ್ದೆ. ನಿಮ್ಮ ಅಮ್ಮಾರ ಮ್ಯಾಲೂ ಹಿಟ್ಟು ಬಿದ್ದಿತ್ತೇನು?"

ನಾನು ಅಡುಗೆ ಪುಸ್ತಕಗಳ ಕಡೆ ನೋಡಿದೆ.

ಅವರು ಏನು ಹೇಳಿದರು ಎಂದು ಮಾರ್ಗೋ ಕೇಳಿದಳು. ಶಾಂತಕ್ಕ ನನ್ನ ಮುಖ ನೋಡಿದರು, ಆಮೇಲೆ ಅವಳ ಕಡೆ ತಿರುಗಿ, "ವೆರಿ ಗುಡ್ ಕಾರ್ಡ್, ಶಿ ರೋಟ್" ಎಂದರು.

ಅಲ್ಲಿಗೆ ಬಚಾವಾಗಿದ್ದೆ. ನಿಜ ಹೇಳುತ್ತೇನೆ, ಒಳಗೆ ಹಾಯೆನಿಸಿತು.

ಆದರೆ ಮಾರ್ಗೋ ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಗಿರಾಕಿಗಳಿಗೆಲ್ಲ ಹೋಗುವ ನ್ಯೂಸ್‌ಲೆಟರ್. ಮೊದಲ ಪುಟದಲ್ಲಿ ನನ್ನ ಹೆಸರು, ಅತ್ತಿದ್ದೆ ಎಂಬ ಆ ಸಾಲು. ಸೋಮವಾರ ಕಳಿಸುವವಳಿದ್ದಳು. ಅವಳ ಮಾತು ನಂಬಿ ಪುಸ್ತಕ ಕೊಳ್ಳುವವರಿಂದಲೇ ನಡೆಯುವ ಅಂಗಡಿ ಅದು. ಆ ಕಥೆ ಓದಿ ಬಿದ್ದು ಬಿದ್ದು ನಕ್ಕವರು ಆಮೇಲೆ ಅವಳ ಯಾವ ಕಾರ್ಡನ್ನು ನಂಬುತ್ತಾರೆ?

ಹೇಳಿಬಿಟ್ಟೆ. ಮೂವತ್ತು ಪುಟ, ತಲೆಯಾಡಿಸಿದ್ದು, ಅಮ್ಮ, ಎಲ್ಲ.

ಮಾರ್ಗೋ ಬೈಯಲಿಲ್ಲ. ಶೆಲ್ಫಿನಿಂದ ಕಾರ್ಡ್ ಬಿಡಿಸಿ ತಂದಳು, ಒಂದು ಖಾಲಿ ಕಾರ್ಡನ್ನು ನನ್ನ ಕೈಗಿಟ್ಟಳು. ಓದಿ ಮುಗಿಸಿದ ದಿನ ತಾ ಎಂದಳು. ಅಲ್ಲಿಯವರೆಗೆ ಆ ಜಾಗ ಖಾಲಿ ಇರುತ್ತದಂತೆ. ಇಷ್ಟು ಹೇಳಿ ಜೋರಾಗಿ ನಗತೊಡಗಿದಳು. ಅವಳಿಗೆ ಆ ಮೀಸೆಯ ಹಿಟ್ಟು ಮೊದಲೇ ಗೊತ್ತಿತ್ತು, ಅನುವಾದ ಓದಿದ್ದಳು. ಭಾರತದವರು ಬೀಗರನ್ನು ಕಂಡರೆ ಅಳುತ್ತಾರೇನೋ ಅಂದುಕೊಂಡು ಸುಮ್ಮನಿದ್ದಳಂತೆ.

ಶಾಂತಕ್ಕ ತಮ್ಮ ಬ್ಯಾಗಿನಿಂದ ಕಂದು ಕಾಗದದ ಕವರ್ ಹಾಕಿದ ಕನ್ನಡ ಪ್ರತಿ ತೆಗೆದರು. "ಇದನ್ನ ಓದ್ರಿ. ಇಂಗ್ಲಿಷಿನ್ಯಾಗ ಇಣುಕಿ ನೋಡಂಗಿಲ್ಲ ಮತ್ತ."

ಅಂದಿನಿಂದ ದಿನಕ್ಕೆ ಎಂಟು ಪುಟ ಓದುತ್ತಿದ್ದೇನೆ, ಬೆರಳಿಟ್ಟುಕೊಂಡು. ಗೊತ್ತಾಗದ ಮಾತು ಬಂದರೆ ಶಾಂತಕ್ಕನಿಗೆ ವಾಯ್ಸ್ ಮೆಸೇಜು. ಉತ್ತರದ ಹಿಂದೆ ಅವರ ಕುಕ್ಕರ್ ಕೂಗುತ್ತಿರುತ್ತದೆ. ಒಂದು ಮಾತು ಕೇಳಿದರೆ ಅವರ ಓಣಿಯ ಗಿರಣಿ, ಅಲ್ಲಿನ ಪಾಳಿ, ಪಾಳಿಗಾಗಿ ಆದ ಜಗಳ ಎಲ್ಲ ಬರುತ್ತದೆ.

ಇಷ್ಟು ವರ್ಷ ಏಕೆ ಓದಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಬರೆಯುವಾಗ ಗೊತ್ತಿರುವ ಪದಗಳನ್ನಷ್ಟೇ ಬಳಸಿದರಾಯಿತು, ಓದುವಾಗ ಹಾಗಾಗುವುದಿಲ್ಲ... ಆ ಭಯ ಇತ್ತೇನೋ.

ಈಗ ಕೊನೆಯ ಅಧ್ಯಾಯ ಮಾತ್ರ ಉಳಿದಿದೆ. ಅದನ್ನು ಮನೆಯಲ್ಲಿ ಓದುವಂತಿಲ್ಲ ಎಂದು ಶಾಂತಕ್ಕನ ಆರ್ಡರ್. "ಅಂಗಡ್ಯಾಗ ಕೂತು ಗಟ್ಟ್ಯಾಗಿ ಓದ್ರಿ. ಅಳ್ತೀರೋ ನಗ್ತೀರೋ, ನಾ ನೋಡಬೇಕು." ಮಾರ್ಗೋ ಎರಡು ಕುರ್ಚಿ ಹಾಕಿಡುತ್ತಾಳಂತೆ.

ಖಾಲಿ ಕಾರ್ಡ್ ಪುಸ್ತಕದೊಳಗೆ ಗುರುತಿಗೆ ಇಟ್ಟಿದ್ದೇನೆ. ಅದು ತುಂಬಿ ಶೆಲ್ಫಿಗೆ ಹೋದಮೇಲೆಯೇ ಈ ಪೋಸ್ಟ್ ಹಾಕುವುದು.

ಪೋಸ್ಟ್ ಹಾಕಿದ ದಿನ: ನವೆಂಬರ್ ೧೫, ಶನಿವಾರ.