ಗುಲಾಬಿಯ ತಲೆಗೆ ಎರೆದ ನೀರು

ಹಿತ್ತಲಿನ ಪನ್ನೀರು ಗುಲಾಬಿಯ ಎಲೆ ಮೇಲೆ ಮೊದಲ ಕಪ್ಪು ಚುಕ್ಕಿ ಕಂಡದ್ದು ಆಷಾಢದ ತುಂತುರು ಹಿಡಿದಾಗ. ಸಾಸಿವೆ ಕಾಳಿನಷ್ಟಿತ್ತು. ಬೇರೆ ಗಿಡವಾಗಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ದಾಸವಾಳ ಒಣಗಿದರೆ ಇನ್ನೊಂದು ಕಡ್ಡಿ ಊರಿದರಾಯಿತು. ಆದರೆ ಈ ಗುಲಾಬಿಯ ಬುಡದಲ್ಲಿ ನನ್ನ ಕೂಸಿದೆ. ಹೆಸರಿಡುವ ಮೊದಲೇ ಹೋದ ಗಂಡುಕೂಸು. ಹಲ್ಲು ಬಾರದ ಕೂಸನ್ನು ನಮ್ಮಲ್ಲಿ ಬೆಂಕಿಗೆ ಕೊಡುವುದಿಲ್ಲ. ಹಿತ್ತಲಲ್ಲೇ ಮಣ್ಣು ಮಾಡಿ, ಮೇಲೆ ಈ ಗಿಡ ನೆಟ್ಟೆವು. ಒಂದು ಫೋಟೋ ಸಹ ತೆಗೆದಿರಲಿಲ್ಲ. ನನಗೆ ಉಳಿದದ್ದು ಗಿಡ ಒಂದೇ.

ಚುಕ್ಕಿ ನೋಡನೋಡುತ್ತ ಕಡಲೆಯಷ್ಟಾಯಿತು. ಅದರ ಸುತ್ತ ಹಳದಿ ಹರಡಿತು, ಎಲೆ ಕಳಚಿ ಬಿತ್ತು. ಕೆಳಗಿನ ಕೊಂಬೆಯಿಂದ ಮೇಲಕ್ಕೆ ಹತ್ತುತ್ತಾ ಹೋಯಿತು. ಬೆಳಿಗ್ಗೆ ಎದ್ದವಳು ಮುಖಕ್ಕೆ ನೀರು ಹಾಕಿಕೊಳ್ಳದೆ ಹಿತ್ತಲಿಗೆ ಓಡುತ್ತಿದ್ದೆ. ಒಂದೊಂದೇ ಎಲೆ ತಿರುವಿ ನೋಡಿ, ಹೊಸ ಚುಕ್ಕಿ ಕಂಡರೆ ಅಲ್ಲೇ ಕುಕ್ಕರಿಸಿ ಅಳುತ್ತಿದ್ದೆ. ಒಮ್ಮೆ ಕಳೆದುಕೊಂಡಿದ್ದೆ, ಇನ್ನೊಮ್ಮೆ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ.

ಬೂಕನಕೆರೆ ಕಡೆಯ ನಮ್ಮ ಊರಿನಲ್ಲಿ ಪುಕ್ಕಟೆ ಸಲಹೆಗೆ ಬರವಿಲ್ಲ. ಒಬ್ಬರು ದೃಷ್ಟಿ ಅಂದರು. ಒಬ್ಬರು ಹುಳಿ ಮಜ್ಜಿಗೆ ಚಿಮುಕಿಸು ಅಂದರು. ಇನ್ನೊಬ್ಬಳು, "ಕಿತ್ತಾಕ್ಬುಟ್ಟು ಬ್ಯಾರೆ ನೆಡು, ಅದ್ರಾಗೇನೈತೆ" ಅಂದಳು. ಅವಳ ಜೊತೆ ನಾನು ಇವತ್ತಿಗೂ ಮಾತಾಡುವುದಿಲ್ಲ.

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಮಜ್ಜಿಗೆಯನ್ನೂ ಚಿಮುಕಿಸಿದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದೆ. ಆಮೇಲೆ ಮೈಲುತುತ್ತ, ಅಂದರೆ ತಾಮ್ರದ ನೀಲಿ ಹರಳು, ಮತ್ತು ಸುಣ್ಣ ತಂದೆ. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಒಟ್ಟಿಗೆ ಸುರಿಯಬೇಕು. ನಮ್ಮದು ಕುಲುಮೆಯ ಮನೆ, ಕಬ್ಬಿಣಕ್ಕೇನು ಕೊರತೆ. ಉಜ್ಜಿದ ಕುಡುಗೋಲು ಅದ್ದಿ ನೋಡಿದೆ. ಅಲಗು ತಾಮ್ರದ ಹಾಗೆ ಕೆಂಪಾಯಿತು. ಅಂದರೆ ತುತ್ತ ಜಾಸ್ತಿ, ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಅಲಗಿಗೆ ಕೆಂಪು ಹತ್ತುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸುತ್ತಾ ಕೂತೆ. ಕೆ.ಆರ್. ಪೇಟೆಯ ವೆಲ್ಡಿಂಗ್ ಅಂಗಡಿಯಿಂದ ಬಂದ ಗಂಡ ನನ್ನ ನೀಲಿ ಕೈ ನೋಡಿ ಊಟಕ್ಕೆ ತಾನೇ ಬಡಿಸಿಕೊಂಡ. ಔಷಧಿ ಹೊಡೆದ ಮೇಲೆ ಒಂದಷ್ಟು ದಿನ ಚುಕ್ಕಿ ನಿಂತಂತೆ ಕಂಡಿತು. ಹೊಸ ಚಿಗುರು ಬಂದು, ಅದರ ಮೇಲೂ ಚುಕ್ಕಿ ಬಂತು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಕೂಸುಗಳಿಗೆ ನೀರು ಎರೆಯುವುದರಲ್ಲಿ ಅತ್ತೆ ಸುತ್ತ ಹಳ್ಳಿಗಳಿಗೆಲ್ಲ ಹೆಸರುವಾಸಿ. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮೂಗು ನೀವಿ, ತಲೆಗೆ ನೀರು ಹುಯ್ದರೆ ಎಂಥ ಹಟಮಾರಿಯೂ ತೆಪ್ಪಗಾಗುತ್ತಿತ್ತು. ನನ್ನ ಕೂಸಿಗೂ ಅವರೇ ಎರೆದರು, ಒಂದೇ ಒಂದು ಸಲ. ಮಾರನೇ ದಿನ ಕೂಸು ಉಸಿರಿಗೆ ತಿಣುಕತೊಡಗಿತು. ಮಂಡ್ಯದ ಡಾಕ್ಟರು, ಹುಟ್ಟುವಾಗಲೇ ಹೃದಯ ಸರಿಯಾಗಿ ಬೆಳೆದಿರಲಿಲ್ಲ, ಯಾರ ತಪ್ಪೂ ಅಲ್ಲ ಅಂದರು. ಅತ್ತೆ ಅದನ್ನು ಕೇಳಿಸಿಕೊಂಡರು. ಆದರೆ ಅವತ್ತಿನಿಂದ ಯಾರ ಮನೆಯ ಕೂಸನ್ನೂ ಮುಟ್ಟಲಿಲ್ಲ. ಕರೆಯಲು ಬಂದವರಿಗೆ "ಕೈ ನೋವು ಕಣವ್ವ" ಅಂದು ಕಳಿಸುತ್ತಿದ್ದರು. ಅವರ ಕೈಗೆ ಏನೂ ಆಗಿರಲಿಲ್ಲ. ಆ ನೀರಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ದಿನಾ ಸಂಜೆ ಅತ್ತೆ ಒಂದು ಚೊಂಬು ನೀರು ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಅಡಿಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಮೊದಲು ನೀರನ್ನು ಮುಂಗೈ ಮೇಲೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದರು. ಆಮೇಲೆ ಒಂದು ಕೈಯನ್ನು ಕೊಂಬೆಗೆ ಅಡ್ಡ ಹಿಡಿದು, ಗಿಡದ ತಲೆ ಮೇಲಿಂದ ಮೆಲ್ಲಗೆ ಹುಯ್ಯುತ್ತಿದ್ದರು. ನಾನು ಒಲೆ ಕಡೆ ತಿರುಗಿಬಿಡುತ್ತಿದ್ದೆ. ನಾನು ಸುಡಲೆಂದು ಕಿತ್ತು ಗುಡ್ಡೆ ಹಾಕಿದ ಎಲೆಗಳನ್ನೂ ಅವರು ಸೆರಗಿಗೆ ತುಂಬಿಕೊಂಡು ಹೋಗಿ ಗಿಡದ ಬುಡದ ಮಣ್ಣಿಗೇ ಸೇರಿಸುತ್ತಿದ್ದರು. "ಕೂಸಿನ್ ಮ್ಯಾಗಿಂದು, ಬೆಂಕಿಗಾಕ್ಬ್ಯಾಡ ಮಗಾ" ಅಂದಿದ್ದರು. 

ಶ್ರಾವಣದ ಹೊತ್ತಿಗೆ ಗಿಡ ಕಡ್ಡಿಕಡ್ಡಿಯಾಯಿತು. ತುದಿಯಲ್ಲಿ ಒಂದಿಷ್ಟು ಎಲೆ ಉಳಿದಿದ್ದವು ಅಷ್ಟೆ. ಇನ್ನು ಯಾರನ್ನು ಕೇಳುವುದು? ಆ ಗಿಡ ತಂದದ್ದು ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ದಾರಿಯಲ್ಲಿದ್ದ ಒಂದು ನರ್ಸರಿಯಿಂದ. ಗಂಡನ ಫೋನಿನಲ್ಲಿ ಅಲ್ಲಿಯ ಹೆಂಗಸಿನ ನಂಬರು ಹುಡುಕಿ, ನನ್ನ ಫೋನಿನಿಂದ ಎಲೆಯ ಫೋಟೋ ತೆಗೆದು ಕಳಿಸಿದೆ. ಮಧ್ಯಾಹ್ನ ಜಗಲಿಯಲ್ಲಿ ನಾನು, ಅತ್ತೆ ಎದುರುಬದುರು ಕೂತು ಅಲಸಂದೆ ಕಾಯಿ ಸುಲಿಯುತ್ತಿದ್ದಾಗ ಉತ್ತರ ಬಂತು. ಬರೆಯದೆ, ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ್ದಳು. ನಾನು, ಮುಠ್ಠಾಳಿ, ಫೋನನ್ನು ನೆಲದ ಮೇಲಿಟ್ಟುಕೊಂಡೇ ಜೋರಾಗಿ ಹಾಕಿದೆ.

"ಅಕ್ಕ, ಇದು ಎಲೆಚುಕ್ಕೆ ರೋಗ. ಔಸ್ದಿ ಏನೇ ಒಡೀರಿ, ಎಲೆ ರಾತ್ರಿಯೆಲ್ಲ ನೆಂದ್ಕೊಂಡಿದ್ರೆ ಓಗಲ್ಲ. ಮಳೆ ಸಾಲ್ದು ಅಂತ ಯಾರೋ ಸಂಜೆ ಒತ್ತು ತಲೆ ಮ್ಯಾಲಿಂದ ನೀರು ಉಯ್ತಾವ್ರೆ ಅನ್ಸುತ್ತೆ. ಆ ನೀರೇ ಅದನ್ನ ಸಾಯಿಸ್ತಿರೋದು. ಬೆಳಗ್ಗೆ ಒತ್ತು ಬುಡಕ್ಕೆ ಮಾತ್ರ ಉಯ್ರಿ. ಉದ್ರಿದ್ ಎಲೆ ಬುಡದಾಗೆ ಬುಡಬ್ಯಾಡಿ, ಸುಟ್ಬುಡಿ."

ಅತ್ತೆಯ ಕೈ ನಿಂತುಹೋಯಿತು. ಬೆರಳ ಸಂದಿಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ಇತ್ತು.  ಇಷ್ಟು ದಿನ ಮನೆಯಲ್ಲಿ ಯಾರೂ ಆಡದ ಮಾತನ್ನು ಗುರುತಿಲ್ಲದ ಹೆಂಗಸೊಬ್ಬಳು ಜಗಲಿ ಮೇಲೆ ಆಡಿಬಿಟ್ಟಿದ್ದಳು.

"ಅತ್ತೆ, ಅದು ನಾನೇ," ಅಂದೆ. "ಸಂಜೆ ಪಾತ್ರೆ ತೊಳೆದ ಮೇಲೆ ನಾನೇ ಹುಯ್ತಿದ್ದೆ."

ಅತ್ತೆ ಮಿಕ್ಕ ಕಾಯಿ ಸುಲಿದು ಮುಗಿಸಿ, ಸಿಪ್ಪೆಯನ್ನು ಹಸುವಿಗೆ ಹಾಕಿ ಬಂದರು. ಸಂಜೆ ಚೊಂಬು ಮುಟ್ಟಲಿಲ್ಲ. ಕತ್ತಲಾಗುವ ಹೊತ್ತಿಗೆ ಅವರು ಮನೆಯೊಳಗೆ ಕಾಣಲಿಲ್ಲ. ಹಿತ್ತಲಿಗೆ ಓಡಿದೆ.

ಗಿಡದ ಬುಡದಲ್ಲಿ ಕಾಲು ಚಾಚಿ ಕೂತಿದ್ದರು, ಕೂಸಿಗೆ ಎರೆಯಲು ಕೂರುತ್ತಿದ್ದ ಹಾಗೆಯೇ. ಮೊಣಕಾಲ ಮೇಲೆ ಏನೂ ಇರಲಿಲ್ಲ.

"ನೀನು ಒಂದಿನಾನೂ ಉಯ್ದಿಲ್ಲ ಮಗಾ, ನಂಗೊತ್ತು," ಅಂದರು. "ಕೂಸ್ಗೂ ನಾನೇ ಅಲ್ವಾ ಉಯ್ದೋಳು. ಅದ್ಕೂ ಇಂಗೇ ಆಯ್ತಾ?"

ನಾನು ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ಡಾಕ್ಟರು ಹೇಳಿದ್ದನ್ನು ಮತ್ತೆ ಹೇಳಬೇಕು ಅಂದುಕೊಂಡೆ, ಆದರೆ ಬಾಯಿಗೆ ಬಂದದ್ದು ಬೇರೆ.

"ಅತ್ತೆ, ಅವನು ಹುಟ್ಟಿದಾಗಿನಿಂದ ಅಳ್ತಾನೇ ಇದ್ದ. ನನ್ನ ಮೊಲೆಗೂ ಸುಮ್ಮನಾಗಲಿಲ್ಲ, ನನ್ನ ಮಡಿಲಿಗೂ ಸುಮ್ಮನಾಗಲಿಲ್ಲ. ಅವನು ಬದುಕಿದ್ದಷ್ಟು ದಿನದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದು ನೀವು ನೀರು ಎರೆದ ದಿನ ಒಂದೇ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ತುಂಬ ಹೊತ್ತು ಅತ್ತರು. ನನಗೂ ಅಳು ತಡೆಯಲಿಲ್ಲ. ಆಮೇಲೆ ಅವರು ಮುಂದಕ್ಕೆ ಬಾಗಿ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ, ತಾವೇ ಹೂತಿದ್ದ ಕೊಳೆತ ಎಲೆಗಳನ್ನು ಹೆಕ್ಕಿ ಹೆಕ್ಕಿ ಸೆರಗಿಗೆ ಹಾಕಿಕೊಂಡರು. ಒಂದನ್ನೂ ಬಿಡದೆ ಹೆಕ್ಕಿ, ನನ್ನ ಮಡಿಲಿಗೆ ಸುರಿದರು.

"ಸುಟ್ಬುಡು ಮಗಾ," ಅಂದರು. "ಎಲೆ ತಾನೇ."